ಗಾಣಗಿತ್ತಿಗೆ ಎಂಟು ಬೀಜ

ನದಿಯ ದಂಡೆಯ ಮೇಲೊಂದು ಮಠ. ಮಠದೊಳಗೆ ಓಲೆಗರಿಗಳ ಭಂಡಾರ. ಭಂಡಾರದಲ್ಲಿ ಒಂಬೈನೂರ ನಲವತ್ತು ಕಟ್ಟು.

ಅದನ್ನು ನೋಡಿಕೊಳ್ಳುತ್ತಿದ್ದವನು ಶಾಂತಮಲ್ಲ. ನಲವತ್ತರ ಹತ್ತಿರದ ವಯಸ್ಸು, ಒಳ್ಳೆಯ ಓದು, ಆ ಓದಿನ ಬಗ್ಗೆ ಒಂದಿಷ್ಟು ಜಂಬ.

ಗುರು ಮರುಳಯ್ಯನವರು ಒಂಬತ್ತು ವರ್ಷದಿಂದ ಅವನಿಗೆ ಒಂದೇ ಕೆಲಸ ಕೊಟ್ಟಿದ್ದರು. ಒಂದು ಕಟ್ಟು ಬಿಚ್ಚಬೇಕು. ಅದರಲ್ಲಿ ಬರುವ ಪ್ರತಿಯೊಂದು ಪದಕ್ಕೂ ಬೇರೆ ಒಂದು ಓಲೆ ಇಡಬೇಕು. ಈ ಪದ ಇಂಥ ಕಟ್ಟಿನಲ್ಲಿದೆ, ಇಷ್ಟು ಸಲ ಇದೆ ಎಂದು ಅದರ ಮೇಲೆ ಗುರುತು ಹಾಕಬೇಕು. ಆಮೇಲೆ ಇನ್ನೊಂದು ಕಟ್ಟು ಬಿಚ್ಚಬೇಕು.

'ಸಾಸಿವೆ'ಗೊಂದು ಓಲೆ. 'ಸೊಂಟ'ಕ್ಕೊಂದು ಓಲೆ. ಮುತ್ತಿನಂಥ ಪದ್ಯ ಕಣ್ಣೆದುರಿಗಿದ್ದರೂ ಅದನ್ನು ಸವಿಯುವ ಹಾಗಿಲ್ಲ, ಪದಗಳನ್ನು ಎಣಿಸಿ ಮುಂದೆ ಹೋಗಬೇಕು.

ಶಾಂತಮಲ್ಲ ಹಲ್ಲು ಕಚ್ಚಿಕೊಂಡು ಮಾಡುತ್ತಿದ್ದ. ವರ್ಷಕ್ಕೊಂದು ಸಲ ತಡೆಯಲಾರದೆ ಕೇಳಿಬಿಡುತ್ತಿದ್ದ.

"ಗುರುಗಳೇ, ಯಾವ ಕಟ್ಟಿನಲ್ಲಿ ಸಾಸಿವೆ ಇದೆ ಅಂತ ಈ ಲೋಕದಲ್ಲಿ ಯಾರು ಕೇಳಿಕೊಂಡು ಬರ್ತಾರೆ?"

"ಇನ್ನೂ ಬಂದಿಲ್ಲ," ಎನ್ನುತ್ತಿದ್ದರು ಗುರುಗಳು.

ಆ ವರ್ಷ ಉತ್ತರೆ ಮಳೆ ನಾಲ್ಕು ದಿನ ಬಿಡದೆ ಹೊಡೆಯಿತು. ಐದನೆಯ ದಿನ ಬೆಳಿಗ್ಗೆ ಮಳೆ ನಿಂತ ಮೇಲೆ ಒಬ್ಬ ಮನುಷ್ಯ ಮಠದ ಜಗಲಿಗೆ ಓಡಿ ಬಂದು ಕುಸಿದು ಕೂತ. ಮೊಣಕಾಲಿನವರೆಗೆ ಕೆಸರು.

ಅವನು ಓಬಳಪ್ಪ, ಕಣವಿಹಳ್ಳಿಯ ನೀರುಗಂಟಿ. ಕೆರೆಯ ತೂಬು ತೆಗೆದು ಗದ್ದೆಗಳಿಗೆ ನೀರು ಬಿಡುವುದು, ಸಾಕಾದಾಗ ಮುಚ್ಚುವುದು ಅವನ ಮನೆತನದ ಕೆಲಸ.

"ಬುದ್ಧಿ, ಕೆರೆ ಬಾಯಿಗೆ ಬಂದೈತೆ," ಎಂದ. "ಕೋಡಿ ಮೇಲೆ ಹರಿಯೋದು ಸಾಲ್ತಾ ಇಲ್ಲ. ತೂಬಿನ ಬಿರಡೆ ಕಚ್ಕೊಂಡು ಕೂತೈತೆ, ಹತ್ತಾಳು ಎಳೆದ್ರೂ ಮೇಲೆ ಬರ್ತಿಲ್ಲ. ಏರಿ ಬುಡದಾಗೆ ನೀರು ಜಿನುಗ್ತಾ ಐತೆ. ನಿನ್ನೆ ತಿಳಿಯಾಗಿತ್ತು. ಇವತ್ತು ಕೆಂಪಗೆ ಬರ್ತಾ ಐತೆ."

ಕೆಂಪು ನೀರು ಬಂತೆಂದರೆ ಏರಿಯೊಳಗಿನ ಮಣ್ಣು ಕೊಚ್ಚಿ ಬರುತ್ತಿದೆ ಎಂದರ್ಥ. ಅದು ಶಾಂತಮಲ್ಲನಿಗೂ ಗೊತ್ತಿತ್ತು.

"ಎಷ್ಟು ಹೊತ್ತು ತಡೆಯುತ್ತೆ?"

"ಸಂಜೆ ಕಾಣಾಕಿಲ್ಲ ಬುದ್ಧಿ. ಕೆಳಗೆ ಇನ್ನೂರು ಮನೆ. ಮಕ್ಕಳು ಮರೀನ ಗುಡ್ಡಕ್ಕೆ ಹತ್ತಿಸ್ತಾ ಅವ್ರೆ. ಮನೇನ, ಗದ್ದೇನ ಎಲ್ಲಿಗೆ ಹತ್ತಿಸೋದು?"

ಮರುಳಯ್ಯನವರು ಗೋಡೆಗೆ ಒರಗಿ ಕೂತಿದ್ದರು. ಎಪ್ಪತ್ತೆಂಟು ವರ್ಷದ ಮೈ.

"ಕೆರೆ ಕಟ್ಟಿದೋರು ಅದರ ಲೆಕ್ಕಾಚಾರ ಎಲ್ಲ ಓಲೆ ಬರೆದು ಮಠಕ್ಕೆ ಕೊಟ್ಟವ್ರಂತೆ," ಎಂದ ಓಬಳಪ್ಪ. "ನೀರು ಬಿಡಾಕೆ ಬೇರೆ ದಾರಿ ಏನಾರ ಐತಾ, ನೋಡಿ ಬುದ್ಧಿ. ನಮ್ಮಜ್ಜಿ ಕೆರೆ ತುಂಬಿದಾಗೆಲ್ಲ ಅಂತಿದ್ಲು, ಗಾಣಗಿತ್ತಿ..."

"ಅಜ್ಜಿ ಕತೆ ಆಮೇಲೆ," ಎಂದು ಶಾಂತಮಲ್ಲ ಕೈ ತೋರಿಸಿ ತಡೆದ. "ನಿನಗೆ ಬೇಕಾದದ್ದು ಕೆರೆ, ನೀರು, ಏರಿ, ತೂಬು. ಅಷ್ಟೇ ತಾನೇ?"

ಓಬಳಪ್ಪ ಬಾಯಿ ಮುಚ್ಚಿಕೊಂಡ. ಓದಿದವರ ಮುಂದೆ ಇನ್ನೇನು ಹೇಳುವುದು?

ಶಾಂತಮಲ್ಲ ಭಂಡಾರಕ್ಕೆ ನುಗ್ಗಿದ. ಪದಗಳ ಓಲೆಗಳು ಅಕ್ಷರದ ಸಾಲಿನಲ್ಲಿ ಇದ್ದವು. 'ಕೆರೆ' ಎಳೆದ, 'ನೀರು' ಎಳೆದ. ಯಾವ ಕಟ್ಟಿನಲ್ಲಿ ಅವು ಎಲ್ಲಕ್ಕಿಂತ ಹೆಚ್ಚು ಸಲ ಬಂದಿವೆ ಎಂದು ನೋಡಿದ. ಒಂದರಲ್ಲಿ ಎರಡೂ ಸೇರಿ ಮುನ್ನೂರ ಹನ್ನೆರಡು ಸಲ! ಗೆದ್ದೆ ಎಂದುಕೊಂಡು ಅದನ್ನು ಹೊತ್ತು ತಂದು ಜಗಲಿಯ ಮೇಲೆ ಬಿಚ್ಚಿ ಓದತೊಡಗಿದ.

ಅದೊಂದು ಕಾವ್ಯ. ಕೆರೆಯಲ್ಲಿ ತಾವರೆ ಅರಳಿತ್ತು. ರಾಜ ರಾಣಿಯರ ಜೊತೆ ನೀರಿಗಿಳಿದಿದ್ದ, ಒಬ್ಬರ ಮೇಲೊಬ್ಬರು ನೀರೆರಚುವ ಆಟ ಹದಿನೇಳು ಪದ್ಯ ನಡೆದಿತ್ತು.

ಓಬಳಪ್ಪ ಮರ್ಯಾದೆಯಿಂದ ಕೇಳಿದ. ಕೊನೆಗೆ ತಡೆಯಲಾಗಲಿಲ್ಲ.

"ಬುದ್ಧಿ, ಇದ್ರಾಗೆ ಹಂಸಗಳು ಬಾಳ ಅವೆ. ತೂಬು ಒಂದೂ ಕಾಣ್ತಿಲ್ಲ."

ಶಾಂತಮಲ್ಲನ ಮುಖ ಕೆಂಪಾಯಿತು. ಮತ್ತೆ ಒಳಗೆ ಹೋದ. ಈ ಸಲ ಕೆರೆ, ನೀರು, ಏರಿ, ತೂಬು ನಾಲ್ಕೂ ಎಲ್ಲಕ್ಕಿಂತ ಹೆಚ್ಚು ಸಲ ಇರುವ ಕಟ್ಟು ಹುಡುಕಿದ. ಸಿಕ್ಕಿತು. ಆರುನೂರು ಗರಿಗಳ ಒಂದು ಪುರಾಣ. ಎತ್ತಿ ತರುವಷ್ಟರಲ್ಲಿ ಏದುಸಿರು ಬಂತು.

"ಇದರಲ್ಲಿ ಎಲ್ಲ ಇದೆ," ಎಂದ.

"ಓದಿ ಮುಗಿಸೋಕೆ ಎಷ್ಟು ದಿನ ಬೇಕು?" ಎಂದು ಗುರುಗಳು ಕೇಳಿದರು. ಅವರು ಬಾಯಿ ಬಿಟ್ಟದ್ದು ಆಗಲೇ.

ಶಾಂತಮಲ್ಲ ಕಟ್ಟಿನ ದಪ್ಪ ನೋಡಿದ. ನಾಲ್ಕು ದಿನ ಬೇಕಿತ್ತು. ಇನ್ನೂರು ಮನೆ ಈಗ ಅವನ ಓದಿನ ಮೇಲೆ ನಿಂತಿತ್ತು.

"ಆ ಕಟ್ಟು ಹಾಗೇ ಇರಲಿ. ಅಡುಗೆಮನೆಯಿಂದ ಒಂದು ಮೊರ ಹುಣಸೆ ಬೀಜ ಬೇಗ ತಗೊಂಡು ಬಾ."

"ಬೀಜವೇ? ಗುರುಗಳೇ, ಅಲ್ಲಿ ಏರಿ ಒಡೀತಾ ಇದೆ!"

"ಅದಕ್ಕೇ ಬೇಗ ತಾ ಅಂದದ್ದು."

ತಂದ. ಗುರುಗಳು ಓಬಳಪ್ಪನ ಕಡೆ ತಿರುಗಿದರು.

"ಅಜ್ಜಿ ಏನಂತಿದ್ರಪ್ಪಾ? ಪೂರ್ತಿ ಹೇಳು."

ಓಬಳಪ್ಪ ಶಾಂತಮಲ್ಲನ ಮುಖ ನೋಡಿ, ಅಂಜುತ್ತಲೇ ಹೇಳಿದ. "ಏನಿಲ್ಲ ಬುದ್ಧಿ, ಹಳೇ ಮುದುಕಿ ಮಾತು. ಕೆರೆ ತುಂಬಿ ಜನ ಹೆದರಿಕೊಂಡ್ರೆ ನಗಾಡೋಳು. ಗಾಣಗಿತ್ತಿ ಅವಳೆ ಬಿಡ್ರೋ, ಕಾಯ್ತಾಳೆ ಅನ್ನೋಳು. ನಮ್ಮೂರಾಗೆ ಗಾಣದೋರೇ ಇಲ್ಲ. ಯಾಕಂತಿದ್ಲೋ ಏನೋ, ನಾನೂ ಕೇಳ್ಲಿಲ್ಲ."

"ಈಗ ಹೇಳು ಶಾಂತಮಲ್ಲ. 'ನೀರು' ಎಷ್ಟು ಕಟ್ಟಿನಲ್ಲಿದೆ?"

"ಎಲ್ಲದರಲ್ಲೂ ಇದೆ."

"ಹಾಗಾದರೆ ಅದಕ್ಕೆ ಬೀಜ ಇಲ್ಲ."

ಶಾಂತಮಲ್ಲನಿಗೆ ಇದು ಅನ್ಯಾಯ ಎನಿಸಿತು. "ಬಂದಿರೋ ಸಂಕಟವೇ ನೀರಿನದು! ಅದಕ್ಕೇ ಬೀಜ ಇಲ್ಲವೇ?"

"ಒಂದು ಜಾತ್ರೆಯಲ್ಲಿ ನಿಮ್ಮಣ್ಣ ಕಳೆದುಹೋದ ಅಂದುಕೋ. ತಲೆ ಇತ್ತು, ಎರಡು ಕೈ ಇತ್ತು ಅಂತ ಗುರುತು ಹೇಳಿಕೊಂಡು ಹುಡುಕ್ತೀಯಾ?"

ಓಬಳಪ್ಪನಿಗೆ ಅಂಥ ಹೊತ್ತಿನಲ್ಲೂ ನಗು ಬಂತು.

"ಭಂಡಾರವನ್ನು ಅರ್ಧ ಮಾಡುತ್ತಾ ಹೋಗು," ಎಂದರು ಗುರುಗಳು. "ಎಷ್ಟು ಸಲ ಅರ್ಧ ಮಾಡಿದರೆ ಆ ಪದ ಇರೋ ಕಟ್ಟುಗಳ ಲೆಕ್ಕಕ್ಕೆ ಇಳಿಯುತ್ತೋ, ಆ ಪದಕ್ಕೆ ಅಷ್ಟು ಬೀಜ. 'ಕೆರೆ'?"

"ಏಳುನೂರು ಕಟ್ಟಿನಲ್ಲಿದೆ. ಒಂದು ಸಲವೂ ಅರ್ಧ ಆಗಲಿಲ್ಲ."

"ಬೀಜವೂ ಇಲ್ಲ. 'ಏರಿ'?"

"ನೂರ ಹದಿನೇಳು." ಶಾಂತಮಲ್ಲ ಬೆರಳು ಮಡಿಚಿದ. ಒಂಬೈನೂರ ನಲವತ್ತರ ಅರ್ಧ ನಾನೂರ ಎಪ್ಪತ್ತು. ಅದರ ಅರ್ಧ ಇನ್ನೂರ ಮೂವತ್ತೈದು. ಅದರ ಅರ್ಧ ನೂರ ಹದಿನೇಳು ಚಿಲ್ಲರೆ. "ಮೂರು ಬೀಜ."

"'ತೂಬು'?"

"ಐವತ್ತೆಂಟು. ನಾಲ್ಕು ಬೀಜ."

"'ಗಾಣಗಿತ್ತಿ'?"

ಆ ಓಲೆಗಾಗಿ ಅವನು ತುಸು ತಡಕಾಡಬೇಕಾಯಿತು. ತೆಗೆದು ನೋಡಿದರೆ ಹೆಚ್ಚೂಕಡಿಮೆ ಖಾಲಿ. ನಾಲ್ಕೇ ನಾಲ್ಕು ಗುರುತು.

"ನಾಲ್ಕು ಕಟ್ಟು," ಎಂದ. ಮತ್ತೆ ಬೆರಳು ಮಡಿಚಿದ. ಅರ್ಧ, ಅದರ ಅರ್ಧ, ಮತ್ತೂ ಅರ್ಧ. ಎಂಟು ಸಲ ಅರ್ಧ ಮಾಡಿದ ಮೇಲೆ ನಾಲ್ಕರ ಹತ್ತಿರ ಬಂದು ನಿಂತಿತು.

"ಎಂಟು ಬೀಜ," ಎಂದ. ಅವನ ದನಿ ತಗ್ಗಿತ್ತು. ಅಜ್ಜಿ ಕತೆ ಎಂದು ತಾನು ಆಚೆ ತಳ್ಳಿದ ಮಾತಿಗೆ, ತಾನು ಮೊದಲು ಎಳೆದ ಎರಡು ಪದಗಳಿಗೆ ಸಿಗದ ತೂಕ ಸಿಕ್ಕಿತ್ತು.

"ಒಂದು ಕಟ್ಟಿನಲ್ಲಿ ಒಂದು ಪದ ನೂರು ಸಲ ಬಂದಿದ್ದರೆ?" ಎಂದು ಕೇಳಿದ. ಹಂಸಗಳ ಗಾಯ ಇನ್ನೂ ಹಸಿಯಾಗಿತ್ತು.

"ನಿನಗೆ ಹಸಿವಾಗಿದೆ ಅಂತ ಒಂದು ಸಲ ಹೇಳಿದರೆ ನನಗೆ ಕೇಳಿಸುತ್ತೆ. ಎರಡು ಸಲ ಹೇಳಿದರೆ ಜೋರು ಹಸಿವು ಅಂತ ಗೊತ್ತಾಗುತ್ತೆ. ನೂರು ಸಲ ಹೇಳಿದರೆ?"

"ಎದ್ದು ಹೋಗ್ತೀರಿ."

"ಎರಡನೇ ಸಲಕ್ಕೆ ಒಂದು ಬೀಜ ಸೇರಿಸು. ಆಮೇಲೆ ಎಷ್ಟೇ ಸಲ ಬರಲಿ, ಇನ್ನೊಂದೇ ಒಂದು."

ಶಾಂತಮಲ್ಲ ಬೀಜ ಎಣಿಸಲು ಹೋದವನು ತಟ್ಟನೆ ನಿಂತ. ಅವನಿಗೆ ಏನೋ ಕಂಡಿತು.

ಗಾಣಗಿತ್ತಿ ಇಲ್ಲದ ಕಟ್ಟು ಯಾವುದೇ ಇರಲಿ, ಅದರಲ್ಲಿ ಏರಿ ಎಷ್ಟು ಸಲ ಬಂದರೂ ಐದು ಬೀಜ. ತೂಬು ಎಷ್ಟು ಸಲ ಬಂದರೂ ಆರು. ಒಟ್ಟು ಹನ್ನೊಂದು. ಗಂಟಲು ಹರಿಯುವಂತೆ ಕೂಗಿದರೂ ಹನ್ನೊಂದನ್ನು ದಾಟಲಾರದು.

ಗಾಣಗಿತ್ತಿ ಇರುವ ನಾಲ್ಕು ಕಟ್ಟುಗಳಲ್ಲಿ ಒಂದು ಹನ್ನೊಂದನ್ನು ದಾಟಿದರೆ ಸಾಕು. ಉಳಿದ ಒಂಬೈನೂರ ಮೂವತ್ತಾರನ್ನು ಮುಟ್ಟುವುದೇ ಬೇಡ!

ಈ ಲೆಕ್ಕಕ್ಕಾಗಿ ಒಂದು ಕಟ್ಟಿನ ದಾರವನ್ನೂ ಬಿಚ್ಚಿಲ್ಲ, ಒಂದು ಸಾಲನ್ನೂ ಓದಿಲ್ಲ. ಇಡೀ ಭಂಡಾರ ತಾನಾಗಿ ಹಿಂದೆ ಸರಿದು ನಾಲ್ಕೇ ಕಟ್ಟುಗಳನ್ನು ಮುಂದೆ ಬಿಟ್ಟಿತ್ತು.

ನೆಲದ ಮೇಲೆ ನಾಲ್ಕು ರಾಶಿ ಹಾಕಿದ. ಎಣ್ಣೆ ಕಷಾಯಗಳ ಒಂದು ವೈದ್ಯದ ಕಟ್ಟು, ಎಂಟು ಬೀಜ. ಕುಟ್ಟುವ ಬೀಸುವ ಹಾಡುಗಳ ಕಟ್ಟು, ಹತ್ತು. ಜಗಲಿಯ ಮೇಲೆ ಬಿದ್ದಿದ್ದ ಅದೇ ಆರುನೂರು ಗರಿಯ ಪುರಾಣ, ಹತ್ತೊಂಬತ್ತು. ಕೊನೆಯದು ಏಳೇ ಗರಿಗಳ ಒಂದು ಪುಟ್ಟ ಕಟ್ಟು, ಹದಿನೆಂಟು.

"ಪುರಾಣವೇ ಗೆದ್ದಿತು," ಎಂದ ಶಾಂತಮಲ್ಲ, ಸೋತ ದನಿಯಲ್ಲಿ. ನಾಲ್ಕು ದಿನದ ಓದು ಮತ್ತೆ ಕಣ್ಣ ಮುಂದೆ ಬಂತು.

"ಅದರಲ್ಲಿ ಸಾಸಿವೆ ಇದೆಯೇ?" ಎಂದರು ಗುರುಗಳು.

"ಇದೆ."

"ಸೊಂಟ?"

"ಅದೂ ಇದೆ. ಆರುನೂರು ಗರಿ ಗುರುಗಳೇ, ಅದರಲ್ಲಿ ಏನಿಲ್ಲ?"

ಹೇಳಿದ ಮೇಲೆ ಅವನಿಗೇ ಕೇಳಿಸಿತು. ಗುರುಗಳು ಮೆಲ್ಲಗೆ ನಕ್ಕರು.

"ನೂರು ಗರಿ ದಾಟಿದ ಕಟ್ಟಿನಿಂದ, ದಾಟಿದ ಒಂದೊಂದು ನೂರಕ್ಕೂ ಎರಡೆರಡು ಬೀಜ ತೆಗಿ. ಎಲ್ಲರ ಮನೆಗೂ ಹೋಗೋನು ನಿಮ್ಮ ಮನೆಗೂ ಬಂದರೆ ಅದೇನು ದೊಡ್ಡ ಪ್ರೀತಿ ಅಲ್ಲ. ಏಳೇ ಗರಿ ಇಟ್ಟುಕೊಂಡು ಮೂರೂ ಮಾತು ಹೇಳ್ತಾ ಇದೆಯಲ್ಲ, ಅದಕ್ಕೆ ಬೇರೆ ಏನನ್ನೂ ಹೇಳೋಕಿಲ್ಲ."

ಶಾಂತಮಲ್ಲ ಪುರಾಣದ ರಾಶಿಯಿಂದ ಹತ್ತು ಬೀಜ ತೆಗೆದ. ಒಂಬತ್ತು ಉಳಿಯಿತು. ಪುಟ್ಟ ಕಟ್ಟಿನ ಹದಿನೆಂಟು ಹಾಗೇ ಇತ್ತು.

ಕೆಳಗಿನ ಹಲಗೆಯ ಮೂಲೆಯಲ್ಲಿ ಅದು ಸಿಕ್ಕಿತು. ಎಂಟು ವರ್ಷದ ಹಿಂದೆ ಅವನೇ ಬಿಚ್ಚಿ, ಅವನೇ ಎಣಿಸಿ, ಬೇಸರದಿಂದ ಕಟ್ಟಿಟ್ಟ ಕಟ್ಟು. ಅದರಲ್ಲಿ ಏನಿತ್ತೆಂದು ಅವನಿಗೆ ಒಂದು ಅಕ್ಷರವೂ ನೆನಪಿರಲಿಲ್ಲ. ಅವನು ಮರೆತದ್ದನ್ನು ಅವನ ಗುರುತುಗಳು ಮರೆತಿರಲಿಲ್ಲ.

ಮೂರನೆಯ ಗರಿಯಲ್ಲಿ ಹೀಗಿತ್ತು: "ಕೋಡಿಯ ಕಲ್ಲಿನಿಂದ ತೆಂಕಲಿಗೆ ನೂರಿಪ್ಪತ್ತು ಮಾರು. ಅಲ್ಲಿ ಏರಿಯ ಒಳಮೈಗೆ ಗಾಣಗಿತ್ತಿ ಇಡಿಸಿದ ತೂಬು. ದೊಡ್ಡ ತೂಬು ಕೆಟ್ಟ ದಿನಕ್ಕೆ ಇದು."

ಓಬಳಪ್ಪ ನಿಂತಲ್ಲೇ ಎರಡೂ ಕೈ ಎತ್ತಿ ಮುಗಿದ, ಯಾರಿಗೆಂದು ಅವನಿಗೂ ಗೊತ್ತಿರಲಿಲ್ಲ.

"ನಡೀರಿ," ಎಂದರು ಗುರುಗಳು. ಗೋಡೆ ಹಿಡಿದು ಎದ್ದು, ಪಂಚೆ ಎತ್ತಿ ಕಟ್ಟಿದರು.

"ತಾವ್ಯಾಕೆ ಗುರುಗಳೇ? ದಾರಿ ತುಂಬ ಕೆಸರು. ಸುದ್ದಿ ನಾನು ತರ್ತೀನಿ."

ಗುರುಗಳು ಆಗಲೇ ಮೆಟ್ಟಿಲು ಇಳಿದಿದ್ದರು.

ಒಂದು ಹರದಾರಿ ದಾರಿ. ಕೆರೆ ಕಂಡಿತು. ನೀರು ಏರಿಯ ತುದಿಗೆ ಒಂದು ಗೇಣು ಕೆಳಗಿತ್ತು. ಆಚೆ ಬದಿಯ ಬುಡದಲ್ಲಿ, ತೋಳು ಗಾತ್ರದ ಕೆಂಪು ನೀರು ಬುಗ್ಗೆಯಾಗಿ ಏಳುತ್ತಿತ್ತು. ಅದರ ಕೆಳಗೆ ಇನ್ನೂರು ಮನೆಗಳ ಮಾಡು.

ಓಬಳಪ್ಪ ಕೋಡಿಯ ಕಲ್ಲಿನಿಂದ ಹಗ್ಗ ಹಿಡಿದು ಮಾರು ಹಾಕುತ್ತಾ ನಡೆದ. ನೂರಿಪ್ಪತ್ತು ಆಯಿತು. ಹನ್ನೆರಡು ಮಂದಿ ಒಳಮೈಗೆ ಇಳಿದರು. ಎದೆಮಟ್ಟದ ನೀರಿನಲ್ಲಿ ನಿಂತು ಹಾರೆಯಿಂದ ಹೂಳು ಚುಚ್ಚತೊಡಗಿದರು.

ಮಣ್ಣು. ಇನ್ನೂ ಮಣ್ಣು.

"ಮಾರು ಅಂದ್ರೆ ಯಾರ ಮಾರು ಬುದ್ಧಿ?" ಎಂದು ಓಬಳಪ್ಪ ನೀರಿನಿಂದಲೇ ಕೂಗಿದ. "ಆ ಕಾಲದೋರು ಎತ್ತರ ಇದ್ರೋ ಕುಳ್ಳಗಿದ್ರೋ!"

ಶಾಂತಮಲ್ಲ ಏರಿಯ ಅಂಚಿಗೆ ಬಂದು ಬಗ್ಗಿದ. "ಆಚೆ ಈಚೆ ನೋಡ್ರಪ್ಪಾ," ಎಂದು ಕೂಗಿದ. ಅವನ ದನಿ ಅಳುವವನ ದನಿಯಂತಿತ್ತು.

ಅಷ್ಟರಲ್ಲಿ ಜನ ಗಾಬರಿಯಿಂದ ಕೈ ತೋರಿಸುತ್ತಿದ್ದರು. ಶಾಂತಮಲ್ಲ ತಿರುಗಿ ನೋಡಿದ. ಕೆಂಪು ನೀರು ಏಳುತ್ತಿದ್ದ ಜಾಗದ ನೇರ ಮೇಲೆ, ಏರಿಯ ನೆತ್ತಿಯಲ್ಲಿ, ಗುರುಗಳು ಕೋಲೂರಿ ನಿಂತಿದ್ದರು.

"ಕೆಳಗಿಳೀರಿ ಬುದ್ಧಿ! ಅಲ್ಲೇ ಬಾಯಿ ಬಿಡೋದು!" ಎಂದು ಹೆಂಗಸರು ಗುಡ್ಡದಿಂದ ಕೂಗಿದರು.

ಗುರುಗಳು ಕೆರೆಯನ್ನು ನೋಡುತ್ತಾ ನಿಂತೇ ಇದ್ದರು.

ಆಗ ಹಾರೆ ಕಲ್ಲಿಗೆ ತಗುಲಿದ ಸದ್ದು ಬಂತು.

ಓಬಳಪ್ಪ ಮುಳುಗಿದ, ಎದ್ದ, ಮತ್ತೆ ಮುಳುಗಿದ. "ಚಪ್ಪಡಿ!" ಎಂದು ಅರಚಿದ. "ನಡುವೆ ತೂತು ಐತೆ! ಹಗ್ಗ ಕೊಡ್ರೋ!"

ಹಗ್ಗ ಪೋಣಿಸಿದರು. ಏರಿಯ ಮೇಲಿನಿಂದ ಇಪ್ಪತ್ತು ಮಂದಿ ಎಳೆದರು. ಶಾಂತಮಲ್ಲನೂ ಎಳೆದ, ಓಲೆ ಬರೆಯುವ ಕಂಟ ಬಿಟ್ಟರೆ ಬೇರೇನನ್ನೂ ಹಿಡಿಯದ ಅಂಗೈ ಸುಲಿದು ರಕ್ತ ಬಂತು. ಚಪ್ಪಡಿ ಒಂದು ಸಲ ಅಲುಗಿತು. ಇನ್ನೊಂದು ಸಲ ಅಲುಗಿ, ಮೇಲಕ್ಕೆ ಎದ್ದಿತು.

ಮೊದಲು ಏನೂ ಆಗಲಿಲ್ಲ. ಆಮೇಲೆ ನೆಲದೊಳಗೆ ಗುಡುಗಿದಂತಾಯಿತು. ಏರಿಯ ಆಚೆ ಬದಿಯಲ್ಲಿ, ಲಂಟಾನ ಬೆಳೆದು ಯಾರೂ ಕಾಲಿಡದ ತಗ್ಗಿನಲ್ಲಿ, ಹೂಳನ್ನೂ ಪೊದೆಯನ್ನೂ ಒದ್ದುಕೊಂಡು ನೀರು ಹೊರಗೆ ಹಾರಿತು. ಊರನ್ನು ಬಳಸಿ ಹೋಗುವ ಹಳ್ಳಕ್ಕೆ ಬಿದ್ದು ಓಡಿತು.

ಜನ ಬಾಯಿ ತೆರೆದು ನೋಡುತ್ತಾ ನಿಂತರು. ಅವರ ಅಜ್ಜಂದಿರೂ ಕಾಣದ ನೀರಿನ ದಾರಿ ಅದು. ಹೆಸರೂ ಉಳಿಯದ ಒಬ್ಬ ಹೆಂಗಸು, ತಾನು ಕಾಣದ ಜನರಿಗಾಗಿ ಯಾವ ಕಾಲದಲ್ಲೋ ಮಾಡಿಟ್ಟು ಹೋಗಿದ್ದಳು.

ಮಧ್ಯಾಹ್ನ ಇಳಿಯುವ ಹೊತ್ತಿಗೆ ಕೆರೆ ಎರಡು ಮೊಳ ತಗ್ಗಿತು. ಬುಡದ ಬುಗ್ಗೆ ಸಣ್ಣಗಾಯಿತು, ತಿಳಿಯಾಯಿತು, ನಿಂತಿತು. ಓಬಳಪ್ಪ ಅಲ್ಲೇ ಮಣ್ಣಿನಲ್ಲಿ ಕೂತು ಮಗುವಿನಂತೆ ಅತ್ತ.

ಶಾಂತಮಲ್ಲ ಏರಿ ಹತ್ತಿ ಗುರುಗಳ ಪಕ್ಕದಲ್ಲಿ ನಿಂತ. ಒಂಬತ್ತು ವರ್ಷ ತಾನು ಶಪಿಸುತ್ತಾ ಮಾಡಿದ ಕೆಲಸ ಎಂಥದ್ದೆಂದು ನೆನೆದು ಅವನಿಗೆ ನಾಚಿಕೆಯಾಗುತ್ತಿತ್ತು, ಅದಕ್ಕಿಂತ ಹೆಚ್ಚಾಗಿ ಬೆರಗಾಗುತ್ತಿತ್ತು.

"ಗುರುಗಳೇ, ದೊಡ್ಡ ರಾಶಿ ಬಿದ್ದ ಕಟ್ಟೇ ಯಾವಾಗಲೂ ಸರಿ ಇರುತ್ತಾ?"

"ಇಲ್ಲ."

ಶಾಂತಮಲ್ಲ ಬೆಚ್ಚಿದ. "ಇಲ್ಲವೇ?"

"ಬೀಜಕ್ಕೆ ತೂಬು ಗೊತ್ತಿಲ್ಲ, ಕೆರೆ ಗೊತ್ತಿಲ್ಲ. ಮೊದಲು ಯಾವುದನ್ನು ಬಿಚ್ಚಬೇಕು ಅಂತ ಹೇಳುತ್ತೆ, ಅಷ್ಟೆ."

"ಇವತ್ತಿನದು ತಪ್ಪಾಗಿದ್ದರೆ?"

"ಎರಡನೇ ರಾಶಿಯದನ್ನು ಬಿಚ್ಚುತ್ತಿದ್ದೆವು."

"ಅದೂ ತಪ್ಪಾಗಿದ್ದರೆ?"

"ಮೂರನೆಯದು."

"ಅಷ್ಟರಲ್ಲಿ ಏರಿ ಒಡೆದಿದ್ದರೆ?"

ಗುರುಗಳು ಕೆಳಗಿನ ಮನೆಗಳ ಕಡೆ ನೋಡಿದರು. ಒಂದು ಮನೆಯ ಮಾಡಿನಿಂದ ಆಗಲೇ ಒಲೆಯ ಹೊಗೆ ಏಳುತ್ತಿತ್ತು.

"ಅದಕ್ಕೇ ಅಲ್ಲವೇನಪ್ಪಾ," ಎಂದರು, "ನಾನು ಇಲ್ಲಿ ಬಂದು ನಿಂತದ್ದು."